ಹನ್ನೆರಡು ಪೀಪಾಯಿ ಮತ್ತು ಒಬ್ಬ ಮೈದುನ

ಇಂಗ್ಲೆಂಡಿನ ದೊರೆಗೂ ಫ್ರಾನ್ಸಿನ ಚಕ್ರವರ್ತಿಗೂ ಯುದ್ಧ. ಆ ಜಗಳದ ನಡುವೆ ಇಬ್ಬರ ಕಡೆಯವರೂ ಅಮೆರಿಕದ ಹಡಗುಗಳನ್ನು ಹಿಡಿದು ದೋಚುತ್ತಿದ್ದರು. ಇದಕ್ಕೆ ಅಮೆರಿಕದ ಅಧ್ಯಕ್ಷರು ಕಂಡುಹಿಡಿದ ಮದ್ದು, ಇನ್ನು ಮುಂದೆ ನಾವು ಹೊರಗಿನ ಯಾರಿಗೂ ಏನನ್ನೂ ಮಾರುವುದೇ ಇಲ್ಲ ಎಂಬ ಕಾನೂನು. ಇದರಿಂದ ದೊರೆಗೆ ಎಷ್ಟು ನೋವಾಯಿತೋ ಗೊತ್ತಿಲ್ಲ. ವರ್ಮಾಂಟ್ ರಾಜ್ಯದ ಉತ್ತರದ ತುದಿಯಲ್ಲಿ, ಅದೇ ದೊರೆಯ ಆಳ್ವಿಕೆಯ ಕೆನಡಾದ ಗಡಿಗೆ ಕೂಗಳತೆಯಲ್ಲಿ ಬದುಕುತ್ತಿದ್ದ ಕೆಜಾಯ ಎಂಬ ವಿಧವೆಗೆ ಮಾತ್ರ ಏಟು ನೇರವಾಗಿ ಹೊಟ್ಟೆಗೇ ಬಿತ್ತು.

ಕೆಜಾಯ ಚಳಿಗಾಲವಿಡೀ ಮರ ಕಡಿದು ಸುಟ್ಟಿದ್ದಳು. ಬೂದಿಗೆ ನೀರು ಹಾಕಿ ಸೋಸಿ, ಸೋಸಿದ್ದನ್ನು ದೊಡ್ಡ ಕಬ್ಬಿಣದ ಹಂಡೆಯಲ್ಲಿ ಬತ್ತಿಸಿ, ಕೈಯ ಚರ್ಮವೆಲ್ಲ ಸುಲಿದುಹೋಗುವಷ್ಟು ದುಡಿದು ಹನ್ನೆರಡು ಪೀಪಾಯಿ ಬೂದಿಯುಪ್ಪು ಮಾಡಿಟ್ಟಿದ್ದಳು. ಉಣ್ಣೆ ತೊಳೆಯಲು ಇಂಗ್ಲೆಂಡಿನವರಿಗೆ ಅದಿಲ್ಲದೆ ಆಗದು. ಗಡಿಯಾಚೆಯ ಪ್ಯಾಸ್ಕಲ್ ಎಂಬ ವ್ಯಾಪಾರಿ ಹನ್ನೆರಡು ಪೀಪಾಯಿಗೆ ಒಂದು ಜೋಡಿ ಎತ್ತು ಕೊಡುತ್ತೇನೆ ಎಂದಿದ್ದ. ಅವಳ ಹಳೆಯ ಜೋಡಿಯಲ್ಲಿ ಒಂದು, ಜನವರಿಯಲ್ಲಿ ಕೆರೆಯ ಮಂಜುಗಡ್ಡೆ ಒಡೆದು ಮುಳುಗಿತ್ತು. ಈಗ ಏಪ್ರಿಲ್. ನೆಲ ಕರಗಿ ಕೆಸರಾಗಿತ್ತು. ಇನ್ನು ಹದಿನೈದು ದಿನದಲ್ಲಿ ಉಳದಿದ್ದರೆ ಆ ವರ್ಷ ಜೋಳವಿಲ್ಲ.

"ಫ್ರಾನ್ಸಿನವರಿಂದ ಅರ್ಧ ಖಂಡಾನೇ ಒಂದೇ ಏಟಿಗೆ ಕೊಂಡ್ಕೊಂಡ್ರಲ್ಲ ನಮ್ಮ ಅಧ್ಯಕ್ಷರು, ಪುಣ್ಯಾತ್ಮರು, ಒಂದ್ಸಲ ಅಳತೆ ಕೂಡ ಹಾಕ್ದೆ!" ಎಂದು ಅವಳು ಪಕ್ಕದ ಮನೆಯ ಮುದಿ ಬಡಗಿ ಜಬೆಜ್‌ನ ಮುಂದೆ ಗೊಣಗಿದಳು. "ನಾನು ಹನ್ನೆರಡು ಪೀಪಾಯಿ ಬೂದಿ ಮಾರಿದ್ರೆ ದೇಶ ಮುಳುಗಿಹೋಗುತ್ತಂತೆ."

"ಮಾರೋದು ತಪ್ಪು ಕಣಮ್ಮಾ," ಎಂದ ಜಬೆಜ್. "ಉರುಳೋದು ತಪ್ಪು ಅಂತ ಎಲ್ಲೂ ಬರೆದಿಲ್ಲ. ಪಾದ್ರಿಗಳ ಹತ್ರ ಮೂರು ಸಲ ಓದಿಸಿ ಕೇಳಿದ್ದೀನಿ."

ಗಡಿಯುದ್ದಕ್ಕೂ ಆ ವರ್ಷ ಒಂದು ಹೊಸ ಬಗೆಯ ಗುಡಿಸಲು ಎದ್ದಿತ್ತು. ಗುಡ್ಡದ ಇಳಿಜಾರಿನಲ್ಲಿ, ಗಡಿಗೆ ಮೊಳದಷ್ಟು ಈಚೆಗೆ ಕಟ್ಟುವುದು. ನೆಲವನ್ನು ಕೆನಡಾದ ಕಡೆಗೆ ವಾಲಿಸುವುದು. ಆ ಕಡೆಯ ಗೋಡೆಯನ್ನು ಬುಡದಲ್ಲಿ ಒಂದೇ ಒಂದು ಕಲ್ಲು ತಡೆದು ನಿಲ್ಲಿಸಿರುತ್ತದೆ. ಒಳಗೆ ಪೀಪಾಯಿ ತುಂಬಿ, ಆ ಕಲ್ಲನ್ನು ಕಿತ್ತರೆ ಗೋಡೆ ಆಚೆಗೆ ಮಗುಚಿಕೊಳ್ಳುತ್ತದೆ, ಪೀಪಾಯಿಗಳು ತಮ್ಮಷ್ಟಕ್ಕೆ ತಾವೇ ವಿದೇಶಕ್ಕೆ ಹೋಗುತ್ತವೆ. ಗುಡಿಸಲು ಬಿದ್ದುಹೋಯಿತು, ನಾವೇನು ಮಾಡೋಣ ಎಂದು ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಅಕ್ಕಪಕ್ಕದ ಗುಡ್ಡಗಳಲ್ಲಿ ಎರಡು ಗುಡಿಸಲು ಆಗಲೇ ಹೀಗೆ ಬಿದ್ದಿದ್ದವು. ಮೂರನೆಯದನ್ನು ಜಬೆಜ್ ಕೆಜಾಯಳಿಗೆ ಕಟ್ಟಿಕೊಟ್ಟ.

ಎರಡು ಗುಡಿಸಲು ಬಿದ್ದ ಮೇಲೆ ಸರ್ಕಾರಕ್ಕೂ ಅನುಮಾನ ಬಂದು, ಒಬ್ಬ ಸುಂಕದ ಕಾವಲುಗಾರನನ್ನು ನೇಮಿಸಿತು. ಎಲ್ಕನಾ ಎಂಬ ಆ ಕಾವಲುಗಾರ ಕೆಜಾಯಳ ಗಂಡನ ಸ್ವಂತ ತಮ್ಮ. ಹಿಂದಿನ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಔತಣದಲ್ಲಿ, ಆಗಿದ್ದ ರಾಜ್ಯಗಳಿಗೆ ತಲಾ ಒಂದರಂತೆ ಹದಿನೇಳು ಲೋಟ ಎತ್ತಿ ಜಯಕಾರ ಹಾಕಿ, ಹದಿನೇಳನೆಯದರ ನಂತರವೂ ನೆಟ್ಟಗೆ ನಿಂತಿದ್ದ ಗಂಡಸು ಅವನೊಬ್ಬನೇ. ದೇಶಭಕ್ತಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಅವನಿಗೆ ಒಂದು ಕತ್ತಿ ಕೊಟ್ಟರು. ಅದು ಅವನ ಕಾಲಿಗಿಂತ ತುಸು ಉದ್ದವಾಗಿದ್ದರಿಂದ ಹೋದಲ್ಲೆಲ್ಲ ಕೆಸರಿನಲ್ಲಿ ಗೆರೆ ಎಳೆದುಕೊಂಡು ಹೋಗುತ್ತಿದ್ದ.

ಆ ಬೆಳಿಗ್ಗೆ ಹನ್ನೆರಡನೆಯ ಪೀಪಾಯಿ ಒಳಗೆ ಹೋಗುವುದಕ್ಕೂ ಆ ಗೆರೆ ಗುಡ್ಡ ಹತ್ತಿ ಬರುವುದಕ್ಕೂ ಸರಿಹೋಯಿತು. ಕೆಳಗೆ ಕೆನಡಾದಲ್ಲಿ ಪ್ಯಾಸ್ಕಲ್, ಪೀಪಾಯಿ ಒಡೆಯದಿರಲೆಂದು ಹುಲ್ಲು ಹರಡುತ್ತಿದ್ದವನು, ಕತ್ತಿ ಕಂಡದ್ದೇ ಬೆನ್ನು ತಿರುಗಿಸಿ ನಿಂತ.

"ಅತ್ತಿಗೆ, ಏನಿದು?"

"ಗುಡಿಸಲು ಕಣಪ್ಪಾ. ನೀನು ಹುಟ್ಟಿದ್ದೂ ಇಂಥದ್ರಲ್ಲೇ."

"ನಾನು ಹುಟ್ಟಿದ್ದರ ನೆಲ ಇಷ್ಟು ವಾಲಿರಲಿಲ್ಲ." ಎಲ್ಕನಾ ಒಳಗೆ ಬಗ್ಗಿ ಪೀಪಾಯಿ ಎಣಿಸಿದ. "ಸರ್ಕಾರದ ಹೆಸರಲ್ಲಿ ಇಷ್ಟೂ ಜಪ್ತಿ. ಮಧ್ಯಾಹ್ನ ಗಾಡಿ ಬರುತ್ತೆ. ನನ್ನ ಮೇಲೆ ಬೇಜಾರ್ ಮಾಡ್ಕೋಬೇಡಿ ಅತ್ತಿಗೆ, ನನ್ನದು ಬರೀ ಕರ್ತವ್ಯ."

"ನಿಮ್ಮಣ್ಣ ಇದ್ದಿದ್ರೆ ನಿನ್ನ ಕರ್ತವ್ಯಾನ ಕಿವಿ ಹಿಡಿದು ಹಿಂಡ್ತಿದ್ರು."

"ಅಣ್ಣನಿಗೆ ಕಾನೂನು ಅಂದ್ರೆ ಗೌರವ ಇತ್ತು."

"ಅವರಿಗೆ ಇದ್ದದ್ದು ಎತ್ತು. ಅದಕ್ಕೇ ಗೌರವಕ್ಕೆಲ್ಲ ಪುರುಸೊತ್ತಿತ್ತು."

ಎಲ್ಕನಾ ಹೊರಗೆ ನಿಂತು ಕಾಯಬಹುದಿತ್ತು. ಆದರೆ ಬುದ್ಧಿವಂತ. ತಾನು ಅತ್ತ ತಿರುಗಿದರೆ ಇತ್ತ ಗುಡಿಸಲು ಬೀಳುತ್ತದೆಂದು ಅವನಿಗೆ ಗೊತ್ತು. ಅದಕ್ಕೇ ಒಳಗೇ ಹೋಗಿ, ಕೆನಡಾದ ಕಡೆಯ ಗೋಡೆಗೆ ಬೆನ್ನು ಕೊಟ್ಟು, ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಈಗ ಬೀಳಿಸಿ ನೋಡೋಣ. ಸ್ವಂತ ಮೈದುನನ ಮೇಲೆ!"

ಕೆಜಾಯಳೂ ಪೀಪಾಯಿ ತುಂಬಲು ಬಂದಿದ್ದ ಜಬೆಜ್‌ನೂ ಮುಖ ಮುಖ ನೋಡಿಕೊಂಡರು. ಜಬೆಜ್‌ನ ಕೈ ಗೋಡೆಯ ಬುಡದತ್ತ ಸುಮ್ಮನೆ ಸರಿಯಿತು. ಕೆಜಾಯ ಆ ಕೈಗೆ ಪಟ್ಟನೆ ಹೊಡೆದಳು.

"ಬೇಡ ಜಬೆಜಣ್ಣಾ. ಪೆದ್ದನೋ ಗಿದ್ದನೋ, ನಮ್ಮವರ ತಮ್ಮ. ಕತ್ತು ಮುರಿದ್ರೆ ಭಾನುವಾರ ಯಾವ ಮುಖ ಇಟ್ಕೊಂಡು ಪ್ರಾರ್ಥನೆಗೆ ಹೋಗಲಿ?"

"ಎತ್ತು?" ಎಂದ ಜಬೆಜ್.

ಕೆಜಾಯ ಗಡಿಯಾಚೆಗೆ ನೋಡಿದಳು. ಕೆಳಗೆ ಪ್ಯಾಸ್ಕಲ್‌ನ ಬೇಲಿಯೊಳಗೆ ಎರಡು ಕೆಂದ ಎತ್ತುಗಳು ಕಾಣುತ್ತಿದ್ದವು. ಒಂದರ ಕಿವಿ ಬಿಳಿ. ಆ ಬಿಳಿ ಕಿವಿಯನ್ನೇ ನೋಡುತ್ತ ಅವಳು ಮನೆಗೆ ಹೋಗಿ, ಹಂದಿಮಾಂಸ ಹಾಕಿ ಬೇಯಿಸಿದ ಕಾಳಿನ ಬಟ್ಟಲು, ಒಂದು ಜಗ್ ಸೇಬಿನ ಮದ್ಯ ತಂದಳು. ಸೋತವರ ಮನೆಯಲ್ಲೂ ಮೈದುನ ಹಸಿದು ಕೂರಬಾರದಲ್ಲ.

ಎಲ್ಕನಾ ತಿಂದ, ಕುಡಿದ. ಹೊಟ್ಟೆ ತುಂಬಿದ ಮೇಲೆ ಅವನೊಳಗಿನ ಅಧಿಕಾರಿ ಇನ್ನಷ್ಟು ಚುರುಕಾದ. ಹಲಗೆಗಳನ್ನು ತಟ್ಟಿ ನೋಡಿದ. ಗೋಡೆಯ ಬುಡದಲ್ಲಿ ಕುಂಬಳಕಾಯಿ ಗಾತ್ರದ ಕಲ್ಲು ಕಣ್ಣಿಗೆ ಬಿತ್ತು.

"ಆಹಾ! ಇದೇ ಅಲ್ವಾ ಆ ಕಲ್ಲು?"

"ಎಲ್ಕನಾ, ಅದನ್ನ ಮುಟ್ಟಬೇಡ," ಎಂದಳು ಕೆಜಾಯ. ನಿಜವಾಗಿಯೂ ಗಾಬರಿಯಾಗಿಯೇ ಹೇಳಿದಳು.

"ಯಾಕೆ?"

"ಮುಟ್ಟಬೇಡ ಅಂದ್ರೆ ಮುಟ್ಟಬೇಡ. ಮೊದಲು ಹೊರಗೆ ಬಾ ಮಾರಾಯ."

"ನಾನು ಹೊರಗೆ ಬಂದ ತಕ್ಷಣ ಕಲ್ಲು ಮಾಯ ಆಗುತ್ತೆ. ನ್ಯಾಯಾಧೀಶರು ಸಾಕ್ಷಿ ಎಲ್ಲಿ ಅಂತಾರೆ. ಆಮೇಲೆ ನಾನು ಬಾಯಿ ಬಾಯಿ ಬಿಡಬೇಕಾ? ನನಗೂ ನಿಮ್ಮ ಆಟ ಎಲ್ಲಾ ಗೊತ್ತು ಅತ್ತಿಗೆ. ಈ ಕಲ್ಲೂ ಜಪ್ತಿ!"

"ಅಯ್ಯೋ, ಅದನ್ನ ಕಿತ್ತರೆ..."

ಅಷ್ಟರಲ್ಲಿ ಅಧಿಕಾರಿ ಎರಡೂ ಕೈಯಿಂದ ಸಾಕ್ಷಿಯನ್ನು ಕಿತ್ತಿದ್ದ.

ಗೋಡೆ ಒಮ್ಮೆ ನರಳಿ, ಆಚೆಗೆ ಮಲಗಿಕೊಂಡಿತು. ಅದರ ಮೇಲೆ ಕಲ್ಲನ್ನು ಮಗುವಿನಂತೆ ಎದೆಗವಚಿಕೊಂಡು ಎಲ್ಕನಾ ಅಂಗಾತ ಜಾರಿದ. ಅವನ ಎಡಬಲಕ್ಕೆ ಹನ್ನೆರಡು ಪೀಪಾಯಿಗಳು ಮದುವೆಯ ದಿಬ್ಬಣದಂತೆ ಗುಡುಗುಡು ಹೊರಟವು. "ಸರ್ಕಾರದ ಹೆಸರಲ್ಲಿ...!" ಎಂಬ ಕೂಗು ಅಮೆರಿಕದಲ್ಲಿ ಶುರುವಾಗಿ ಕೆನಡಾದ ಹುಲ್ಲಿನ ರಾಶಿಯಲ್ಲಿ ಮುಗಿಯಿತು.

ಕೆಜಾಯ ಲಂಗ ಎತ್ತಿ ಹಿಡಿದು ಗಡಿಯ ಮರದವರೆಗೂ ಓಡಿದಳು. "ಬದುಕಿದ್ದೀಯೇನೋ?"

ಸ್ವಲ್ಪ ಹೊತ್ತಿಗೆ ಪ್ಯಾಸ್ಕಲ್ ಒಂದು ಕೈಗಾಡಿ ತಳ್ಳಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದ. ಗಾಡಿಯಲ್ಲಿ ಹುಲ್ಲು ಮೆತ್ತಿಕೊಂಡ ಎಲ್ಕನಾ. ಕಾಲು ಉಳುಕಿತ್ತು, ಕತ್ತಿ ಡೊಂಕಾಗಿತ್ತು, ಕಲ್ಲು ಮಾತ್ರ ಮಡಿಲಲ್ಲಿ ಭದ್ರವಾಗಿತ್ತು.

"ಅಮ್ಮಾ, ಮಾತಾಗಿದ್ದು ಹನ್ನೆರಡು," ಎಂದ ಪ್ಯಾಸ್ಕಲ್. "ಹದಿಮೂರು ಬಂದಿದೆ. ಇದನ್ನ ವಾಪಸ್ ತಗೊಳ್ಳಿ."

ಮರುದಿನ ಹೆಂಡದಂಗಡಿಯ ಮುಂದಿನ ಕೋಣೆಯಲ್ಲಿ ವಿಚಾರಣೆ. ನ್ಯಾಯಾಧೀಶರೂ ಅದೇ ಊರಿನವರೇ. ಅವರ ಅಂಗಿಯ ತೋಳಿನಲ್ಲೂ ಬೂದಿಯ ಬಿಳಿ ಕಲೆಯಿತ್ತು.

"ನೀನು ಅಪ್ಪಣೆ ಇಲ್ಲದೆ ಬ್ರಿಟಿಷರ ನೆಲಕ್ಕೆ ಹೋಗಿದ್ದೆ. ಹನ್ನೆರಡು ಪೀಪಾಯಿ ನಿಷಿದ್ಧ ಸರಕಿನ ಜೊತೆ," ಎಂದರು ಅವರು. "ನಿಜಾನಾ?"

"ಹೋಗಿದ್ದಲ್ಲ ಸ್ವಾಮಿ. ಜಾರಿದ್ದು."

"ಕಲ್ಲು ಕಿತ್ತವರು ಯಾರು?"

ಎಲ್ಕನಾ ಅತ್ತಿಗೆಯ ಕಡೆ ನೋಡಿದ. ಕಿತ್ತದ್ದು ಅತ್ತಿಗೆ ಅಂದರೆ, ಅಲ್ಲವೆಂದು ಸಾಕ್ಷಿ ಹೇಳಲು ಜಬೆಜ್ ಬಾಯಿ ತೆರೆದೇ ಕೂತಿದ್ದಾನೆ. ತಾನೇ ಅಂದರೆ, ಈ ಗಡಿಯಲ್ಲಿ ಅತಿ ದೊಡ್ಡ ಕಳ್ಳಸಾಗಣೆಗಾರ ಸುಂಕದ ಕಾವಲುಗಾರನೇ ಎಂದು ಬರೆದುಕೊಳ್ಳುತ್ತಾರೆ. ಎದುರಿಗೆ ಮೇಜಿನ ಮೇಲೆ ಆ ಕಲ್ಲು ಕೂತಿತ್ತು.

"ಯಾರೂ ಕೀಳಲಿಲ್ಲ," ಎಂದ ಕೊನೆಗೆ. "ನೆಲ ಒದ್ದೆಯಾಗಿತ್ತು. ಗುಡಿಸಲು ತಾನಾಗೇ ಬಿತ್ತು."

"ಪ್ರಮಾಣ ಮಾಡ್ತೀಯಾ?"

ಎಲ್ಕನಾ ಬೈಬಲ್ ಮುಟ್ಟಿದ. ನ್ಯಾಯಾಧೀಶರು ಆಕಸ್ಮಿಕ ಎಂದು ಬರೆದು, ಶಾಯಿ ಆರಲೆಂದು ಊದಿದರು. ಆಮೇಲೆ ಆ ಕಲ್ಲನ್ನು ಎತ್ತಿ ತೂಕ ನೋಡಿ, "ಒಳ್ಳೆ ಕಲ್ಲು. ಇದು ಇಲ್ಲೇ ಇರಲಿ, ನನಗೂ ಒಂದು ಗುಡಿಸಲು ಕಟ್ಟಿಸೋದಿದೆ," ಎಂದರು.

ಮೂರು ದಿನ ಕಳೆದ ಮೇಲೆ ಗಡಿಯ ಮರಗಳ ಸಾಲು ದಾಟಿ ಎರಡು ಕೆಂದ ಎತ್ತುಗಳು ದಾರಿ ತಪ್ಪಿದವರಂತೆ ನಡೆದು ಬಂದು ಕೆಜಾಯಳ ಹೊಲದಲ್ಲಿ ನಿಂತವು. ಕಾವಲಿಗಿದ್ದ ಎಲ್ಕನಾ ಆ ಹೊತ್ತಿಗೆ ಸರಿಯಾಗಿ ದಕ್ಷಿಣದ ಮೋಡಗಳನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದ. ಸಂಜೆ ಕುಂಟುತ್ತ ಅವಳ ಬಾಗಿಲಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಅತ್ತಿಗೆ... ನನ್ನ ಹೊಲಾನೂ ಹಾಗೇ ಬಿದ್ದಿದೆ. ನಿಮ್ಮ ಉಳುಮೆ ಮುಗಿದ ಮೇಲೆ ಎರಡು ದಿನ ಎತ್ತು ಕೊಡ್ತೀರಾ?"

ಕೆಜಾಯ ಅಂಗಳದಲ್ಲಿ ಕಟ್ಟಿದ್ದ ಬಿಳಿ ಕಿವಿಯ ಎತ್ತಿನ ಕೊರಳು ಕೆರೆದಳು.

"ಕೊಡ್ತೀನಿ ಬಿಡು. ಆದ್ರೆ ಉಳುವಾಗ ಎಲ್ಲಾದ್ರೂ ಕಲ್ಲು ಸಿಕ್ಕಿದ್ರೆ, ಕೀಳೋ ಮುಂಚೆ ನನ್ನನ್ನ ಕೂಗು."