ಬೆಳಕಿಂಡಿಯ ಮೇಲಿನ ಕಲ್ಲು

ಚಳಿಗಾಲದಲ್ಲಿ ನಮ್ಮ ಕಡೆ ಬಾಣಂತಿ ತವರಿಗೆ ಬಂದಳೆಂದರೆ ಮನೆಯವರು ಮೊದಲು ಮಾಡುವ ಕೆಲಸ ಕೋಣೆಯ ಬೆಳಕಿಂಡಿ ಮುಚ್ಚುವುದು. ಗಾಳಿ ಹೊಕ್ಕರೆ ಬಾಣಂತಿಗೆ ಸನ್ನಿ, ಕೂಸಿಗೆ ಥಂಡಿ ಎಂಬ ಹೆದರಿಕೆ. ಬೆಂಕಿಯ ಹೆದರಿಕೆ ಮಾತ್ರ ಯಾರಿಗೂ ಇಲ್ಲ.

ಅಕ್ಕಲಕೋಟ ತಾಲೂಕಿನಲ್ಲಿ, ದುಧನಿಯ ಹತ್ತಿರದ ಹಳ್ಳಿಯೊಂದರ ಕಲ್ಲಣ್ಣನ ಮನೆಯಲ್ಲೂ ಹಾಗೆಯೇ ಆಯಿತು. ಹಿರಿಯ ಮಗಳು ಶೀತಲ ಸೋಲಾಪುರದ ದವಾಖಾನೆಯಲ್ಲಿ ಹೆತ್ತು, ಗಂಡುಕೂಸನ್ನು ಎತ್ತಿಕೊಂಡು ಬಂದಳು. ತಮ್ಮ ಕೈಲಾಸ ಮಾಳಿಗೆ ಹತ್ತಿ ಬೆಳಕಿಂಡಿಗೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ, ಮೇಲೊಂದು ಚಪ್ಪಡಿ ಕಲ್ಲು ಹೇರಿದ. ಕಿಟಕಿಗೆ ಗೋಣಿಚೀಲ ತುರುಕಿದ. ತಾಯಿ ದ್ರೌಪದಿ ಮಗಳಿಗೆ ಎರೆದು, ಕೂಸಿನ ಜೊತೆ ಹೊರಸಿನ ಮೇಲೆ ಮಲಗಿಸಿ, ಕೆಂಡ ತುಂಬಿದ ಶೇಗಡಿಯನ್ನು ಹೊರಸಿನ ಕೆಳಗೆ ಸರಿಸಿ ಬಾಗಿಲು ಎಳೆದಳು.

ಕೈಲಾಸನಿಗೆ ಅಕ್ಕನೆಂದರೆ ಜೀವ. ತಂಗಿ ಮನೀಷಾಳ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ತಾನು ಒಂಬತ್ತನೆಯ ಇಯತ್ತೆಗೇ ಸಾಲಿ ಬಿಟ್ಟು ಹೊಲ ಹಿಡಿದವನು. ಆಕೆ ಸೋಲಾಪುರದಲ್ಲಿ ಯುನಿವರ್ಸಿಟಿ ಸೇರಿ, ಪರಿಸರ ಮತ್ತು ಆರೋಗ್ಯದ ಶಾಸ್ತ್ರ ಓದುತ್ತೇನೆಂದು ಗಟಾರದ ನೀರನ್ನು ಬಾಟಲಿಗೆ ತುಂಬುತ್ತ, ಗಾಳಿಯಲ್ಲಿನ ಹೊಗೆ ಅಳೆಯುತ್ತ ತಿರುಗುವಳು.

"ಹೊಗಿ ನೋಡಾಕ ಸೋಲಾಪುರಕ್ಕ ಯಾಕ ಹೋಗಬೇಕು? ಒಲಿ ಮುಂದ ಕುಂದರು, ಫುಕಟ ಡಿಗ್ರಿ ಸಿಗತೈತಿ," ಎಂದು ಹಂಗಿಸುವನು. ಜೋಳದ ಸುಗ್ಗಿ ಮುಗಿದ ಮೇಲೆ ಆಕೆಯ ಓದು ಬಿಡಿಸಿ ವರ ನೋಡುವುದೆಂದು ಅಪ್ಪನನ್ನು ಒಪ್ಪಿಸಿಯೂ ಇದ್ದ.

ಒಂದು ರವಿವಾರ ಮನೀಷಾ ಕೂಸು ನೋಡಲು ಬಂದಳು. ಬಾಣಂತಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತವಳು ಹಣೆ ಒತ್ತಿಕೊಳ್ಳುತ್ತ ಹೊರಗೆ ಬಂದಳು. ಶೀತಲಳಿಗೂ ಹಿಂದಿನ ದಿನದಿಂದ ತಲೆನೋವು, ವಾಂತಿ, ಕಣ್ಣು ಬಿಟ್ಟರೂ ಬಿಡದ ಮಂಪರು. ದ್ರೌಪದಿ ಅದನ್ನೆಲ್ಲ ಥಂಡಿ ಎಂದುಕೊಂಡು ಕೆಂಡ ಹೆಚ್ಚಿಸಿದ್ದಳು.

"ಅವ್ವಾ, ಇದು ಥಂಡಿ ಅಲ್ಲ," ಎಂದಳು ಮನೀಷಾ. "ಹೊರಗ ಬಂದ್ರ ಅಕ್ಕಗ ಆರಾಮ ಅನಸ್ತೈತಿ, ಒಳಗ ಹೋದ್ರ ತಲಿ ಸಿಡಿತೈತಿ. ಮೊದಲ ಶೇಗಡಿ ಹೊರಗ ತಗೀರಿ."

"ಕೆಂಡದಾಗ ಹೊಗಿ ಎಲ್ಲೈತಿ, ತೋರಸು," ಎಂದ ಕೈಲಾಸ. "ನಿಗಿನಿಗಿ ಆದಮ್ಯಾಲೇ ಒಳಗ ತಂದೀವಿ. ನಾವೇನ ಹುಚ್ಚರೇನು?"

"ಹೊಗಿ ಇದ್ದಿದ್ರ ಪಾಡಿತ್ತಣ್ಣಾ, ಕೆಮ್ಮಿ ಹೊರಗ ಓಡ್ತಿದ್ರಿ. ಕೆಂಡದ ವಿಷ ಕಣ್ಣಿಗಿ ಕಾಣೂದಿಲ್ಲ, ಮೂಗಿಗಿ ಬಡಿಯೂದಿಲ್ಲ. ಮುಚ್ಚಿದ ಕೋಣ್ಯಾಗ ಅದು ತುಂಬಿತಂದ್ರ ಮಲಗಿದೋರು ಮಲಗಿದಲ್ಲೇ ಹೋಗ್ತಾರ."

ದ್ರೌಪದಿಗೆ ಸಿಟ್ಟು ಬಂತು. "ನಿನ್ನೂ ಇದೇ ಶೇಗಡಿ ಮ್ಯಾಲೆ ಬೆಳಸೀನಿ. ಸತ್ತೀಯೇನು?"

"ಆಗ ಬೆಳಕಿಂಡಿ ಮ್ಯಾಲ ಹಳೇ ಕೌದಿ ಹಾಕತಿದ್ದಿ, ಸಂದ್ಯಾಗ ಗಾಳಿ ಆಡ್ತಿತ್ತು. ಈಗ ಪ್ಲಾಸ್ಟಿಕ್ ಐತಿ. ಆಗೂ ಹೋದ ಕೂಸುಗಳಿಗಿ ಬಾಲಗ್ರಹ ಬಡೀತು ಅಂದ್ರಿ, ಅಷ್ಟ."

ಮನೀಷಾ ತಾನೇ ಶೇಗಡಿ ಹೊರಗಿಟ್ಟು, ಮಾಳಿಗೆ ಹತ್ತಿ ಕಲ್ಲು ಉರುಳಿಸಿ ತಾಡಪತ್ರಿ ತೆಗೆದಳು. ಬಿಸಿಲಿನ ಕೋಲೊಂದು ಇಳಿದು ಕೂಸಿನ ಕಾಲ ಮೇಲೆ ಬಿತ್ತು. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ಹತ್ತುವಂತೆ ಮಲಗಿಸಿ ಮೇಲೆ ಹೊದಿಸಿದರೆ, ತಲೆಗೆ ಕುಲಾಯಿ ಹಾಕಿದರೆ ಬೇಕಾದಷ್ಟು ಬೆಚ್ಚಗಿರುತ್ತದೆ ಎಂದು ಹೇಳಿಕೊಟ್ಟಳು. ಮರುದಿನ ಪರೀಕ್ಷೆ ಇದ್ದುದರಿಂದ ಸಂಜೆಯ ಬಸ್ಸು ಹಿಡಿದಳು.

ಬಸ್ಸು ಊರು ದಾಟಿತು. ಕೈಲಾಸ ಮಾಳಿಗೆ ಹತ್ತಿದ. ನಿನ್ನೆ ಮೊನ್ನೆ ಪುಸ್ತಕ ಹಿಡಿದವಳ ಮಾತು ಕೇಳಿ ಅಕ್ಕನಿಗೆ ಸನ್ನಿ ಹಿಡಿಸಬೇಕೇ? ತಾಡಪತ್ರಿ ಹಾಸಿ ಕಲ್ಲನ್ನು ಮತ್ತೆ ಇದ್ದಲ್ಲಿಗೇ ಎಳೆದಿಟ್ಟ.

ಮರುದಿನ ಮಧ್ಯಾಹ್ನ ಹೊಲದಿಂದ ಬಂದಾಗ ಮನೆ ತಣ್ಣಗಿತ್ತು. ಎರೆದು, ಶೇಗಡಿ ಇಟ್ಟು ಮಲಗಿಸಿದ್ದೇನೆ, ಇವತ್ತು ಕೂಸು ಒಂದು ಸಲವೂ ಅತ್ತಿಲ್ಲ, ಚಂದ ನಿದ್ದೆ ಹತ್ತಿದೆ ಎಂದು ದ್ರೌಪದಿ ಹಿಗ್ಗಿನಿಂದ ಹೇಳಿದಳು. ಕೈಲಾಸ ರೊಟ್ಟಿ ಮುರಿದು ಹೊಟ್ಟೆ ತುಂಬ ಉಂಡ. ಕೈ ತೊಳೆದು, ಕೂಸಿನ ಮುಖ ನೋಡೋಣವೆಂದು ಬಾಗಿಲು ನೂಕಿದ.

ಶೀತಲ ಕರೆದರೆ ಓಗೊಡಲಿಲ್ಲ. ಕೂಸು ಮುಟ್ಟಿದರೆ ಮಿಸುಕಲಿಲ್ಲ.

ಸೋಲಾಪುರದ ದವಾಖಾನೆಯಲ್ಲಿ ಡಾಕ್ಟರು ಕೂಸನ್ನು ನೋಡಿ ತಲೆ ತಗ್ಗಿಸಿದರು. ಶೀತಲಳ ಮೂಗಿಗೆ ಆಕ್ಸಿಜನ್ ಹಚ್ಚಿ, ಕೈಲಾಸನ ಕಡೆ ತಿರುಗಿ ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ಖೋಲೀತ ಶೇಗಡೀ ಹೋತೀ ಕಾ?"

ಕೋಣೆಯಲ್ಲಿ ಶೇಗಡಿ ಇತ್ತೇ? ಇತ್ತು.

ಶೀತಲ ಉಳಿದಳು. ಎಚ್ಚರವಾದ ಕೂಡಲೇ ಎದೆಯ ಪಕ್ಕದಲ್ಲಿ ಕೈಯಾಡಿಸಿದಳು. ಕೂಸು ಅಲ್ಲಿರಲಿಲ್ಲ.

ದಿನಗಳು ಕಳೆದ ಮೇಲೆ ಕಲ್ಲಣ್ಣ ಚಿಕ್ಕ ಮಗಳನ್ನು ಕರೆದು, ವರ ನೋಡುವ ಮಾತು ಬಿಟ್ಟೆ, ಓದು ಮುಗಿಸು ಎಂದ. ಸಂತೋಷಪಡುವ ಮನೆ ಅದಾಗಿರಲಿಲ್ಲ.

ಕೈಲಾಸ ಗಾಡಿಯ ಮೇಲೆ ಆಕೆಯನ್ನು ದುಧನಿ ಸ್ಟೇಷನ್ನಿಗೆ ಬಿಟ್ಟ. ರೈಲು ಬರುವ ಹೊತ್ತಿಗೆ, "ಆ ಕಲ್ಲ ತಿರಗಿ ಇಟ್ಟಾಂವ ನಾನವ್ವಾ," ಎಂದ.

"ಗೊತ್ತೈತಿ," ಎಂದಳು ಮನೀಷಾ. "ನಿಂಗಣ್ಣ ಕಾಕಾನ ಮಗಳು ಹಡದು ತವರಿಗಿ ಬರಾಕತ್ತ್ಯಾಳ. ಅವರ ಮಾಳಗಿ ಹತ್ತು, ಹೋಗು."

ಊರಿಗೆ ಮರಳಿದಾಗ ಪಕ್ಕದ ಮನೆಯ ನಿಂಗಣ್ಣ ತಾಡಪತ್ರಿ ಹಿಡಿದು ಮಾಳಿಗೆಯ ಮೇಲೆಯೇ ಇದ್ದ. ಕೈಲಾಸ ಹತ್ತಿ ಬಂದು ಬೇಡವೆಂದಾಗ ಅವನಿಗೆ ನಗು ಬಂತು. "ಏನೋ, ನೀನೂ ಯುನಿವರ್ಸಿಟಿಗಿ ಹೆಸರ ಹಚ್ಚೀಯೇನು?"

"ಕಾಕಾ, ನಮ್ಮ ಮನ್ಯಾಗಿನ ಖಾಲಿ ತೊಟ್ಟಿಲಾ ನೋಡಿ ಬರ್ರಿ. ಆಮ್ಯಾಲ ನಗರಿ."

ನಿಂಗಣ್ಣ ತಾಡಪತ್ರಿ ಮಡಚಿದ.

ಓದುತ್ತಿರುವ ಅವ್ವಂದಿರೇ, ಅಣ್ಣಂದಿರೇ, ಕೆಂಡಕ್ಕೆ ನಿಮ್ಮ ಪ್ರೀತಿ ತಿಳಿಯುವುದಿಲ್ಲ. ಇದ್ದಿಲಾಗಲಿ ಕುಳ್ಳಾಗಲಿ, ಬಾಣಂತಿ ಮಲಗುವ ಕೋಣೆಯೊಳಗೆ ಬೆಂಕಿ ಬೇಡವೇ ಬೇಡ. ಒಲೆ ಉರಿಯುವ ಮನೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಮಂಪರು ಬಂದರೆ ಥಂಡಿ ಎನ್ನುತ್ತ ಕೂರಬೇಡಿ. ಬಯಲಿಗೆ ಎತ್ತಿ ತನ್ನಿ, 108ಕ್ಕೆ ಫೋನು ಮಾಡಿ. ಗಾಳಿ, ನೀರು, ಹೊಗೆಯ ವಿದ್ಯೆ ಕಲಿಯುತ್ತೇನೆಂದು ಮಗಳು ಹೊರಟರೆ ಹಂಗಿಸಬೇಡಿ. ಕಲಿತು ಬಂದು ಹೇಳಿದಾಗ ಕೇಳಿ. ನಮ್ಮ ಕೈಲಾಸ ಕೇಳಲಿಲ್ಲ.

ಈ ಹಾಳೆಯನ್ನು ಮಡಚಿಡುವ ಮೊದಲು ಎದ್ದು ನಿಮ್ಮ ಮಾಳಿಗೆ ಹತ್ತಿ. ಬೆಳಕಿಂಡಿಯ ಮೇಲೆ ಕಲ್ಲಿದ್ದರೆ ಕಿತ್ತು ಎಸೆಯಿರಿ.