ವಜಾ ಆದದ್ದು ಯಾರು

ನಮ್ಮಪ್ಪ ಕೆಂಪಯ್ಯನವರು ಪೊಲೀಸ್ ಇನ್ಸ್‌ಪೆಕ್ಟರ್ ಮೇಲೆ ದಾವೆ ಹೂಡಲು ಹೊರಟಾಗ ಕೇಳಿದ ಲಾಯರುಗಳೆಲ್ಲ ಜಾರಿಕೊಂಡರು. ಹಟಮಾರಿ ಮನುಷ್ಯ, ತಾವೇ ವಾದ ಮಾಡಿದರು. ಗುಡೇಮಾರನಹಳ್ಳಿಯ ನಮ್ಮ ಹೊಲವನ್ನು ಫ್ಯಾಕ್ಟರಿಗೆಂದು ಅಳೆಯಲು ಬಂದವರನ್ನು ‘ನೋಟೀಸ್ ಎಲ್ಲಿ’ ಎಂದು ಕೇಳಿದ್ದೇ ತಪ್ಪಾಯಿತು. ಠಾಣೆಗೆ ಎಳೆದೊಯ್ದು ಆ ಮಹಾನುಭಾವ ಎಡಗೆನ್ನೆಗೆ ಬಾರಿಸಿದ. ಅಂದಿನಿಂದ ಆ ಕಿವಿ ಸತ್ತೇಹೋಯಿತು. ಇನ್ನೊಂದು ಮೊದಲೇ ಮಂದ.

ತೀರ್ಪಿನ ದಿನ ಅಪ್ಪ ಒಬ್ಬರೇ ಹೋಗಿದ್ದರು. ಅಷ್ಟುದ್ದದ ತೀರ್ಪಿನಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ ಮಾತು: ವಜಾ. ನಮ್ಮೂರಲ್ಲಿ ವಜಾ ಆಗುವವರು ಕಂಡಕ್ಟರು, ಮೇಷ್ಟ್ರು, ಒಟ್ಟಿನಲ್ಲಿ ಕೆಲಸ ಕಳಕೊಂಡವರು. ಅಪ್ಪ ಮಾಗಡಿಯಿಂದ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದರು.

“ಅವುನ್ನ ವಜಾ ಮಾಡ್ಬುಟ್ರು ಕಣವ್ವಾ ಸುಮನಾ! ಜಡ್ಜೇ ಅಂದ್ರು!”

ನಾನೂ ನಂಬಿದೆ. ಬಿ.ಎ. ಓದಿದ ಬಾಯಿಗೂ ಸಿಹಿ ಬಿದ್ದರೆ ಬುದ್ಧಿ ಮಲಗುತ್ತದೆ. ಇನ್ಸ್‌ಪೆಕ್ಟರ್ ಬೇರೆ ಕಡೆಗೆ ವರ್ಗವಾಗಿ ಹೋಗಿದ್ದರಿಂದ ತಿಂಗಳುಗಟ್ಟಲೆ ನಮ್ಮ ಸಂತೋಷ ಕೆಡಲಿಲ್ಲ.

ಒಂದು ದಿನ ಫ್ಯಾಕ್ಟರಿ ಕಾಂಪೌಂಡಿನ ಬಂದೋಬಸ್ತಿಗೆಂದು ಅವನೇ ಜೀಪಿನಿಂದ ಇಳಿದ. ಅಪ್ಪ ಹೋಗಿ ಕೇಳಿಯೇಬಿಟ್ಟರು. “ನಿಮ್ಮುನ್ನ ಕೆಲ್ಸದಿಂದ ತೆಗುದ್ಬುಟ್ರಲ್ಲಾ?”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ವಜಾ ಆಗಿದ್ದು ನಾನಲ್ಲ ಯಜಮಾನ, ನಿನ್ ಕೇಸು!” ಎಂದು ಅಪ್ಪನಿಗೆ ಕೇಳುವಂತೆ ಕಿರುಚಿದ.

ಅಷ್ಟರಲ್ಲಿ ಅಪೀಲಿನ ವಾಯಿದೆ ಮುಗಿದಿತ್ತು. ತಡವನ್ನು ಮನ್ನಿಸಿ ಎಂದು ನಾನೇ ಅರ್ಜಿ ಬರೆದೆ. ಒಪ್ಪಿದರೆ ಅಪೀಲು ಕೇಳುತ್ತಾರೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಹೈಕೋರ್ಟಿನ ಮೆಟ್ಟಿಲು ಹತ್ತುವ ತಾಕತ್ತು ನಮಗಿರಲಿಲ್ಲ.

ರಾಮನಗರದ ಕೋರ್ಟಿನಲ್ಲಿ ಅಪ್ಪ ಪ್ರಶ್ನೆ ತಪ್ಪಿದರೆ ಮರ್ಯಾದೆ ಹೋಗುತ್ತದೆಂದು ಅಂಜಿ, ಬಲಗಿವಿಯನ್ನು ಮುಂದೆ ಮಾಡಿ ಜಡ್ಜರ ತುಟಿಯನ್ನೇ ನೋಡುತ್ತಾ ನಿಂತರು. ಹೆಸರು, ಊರು, ಎಲ್ಲಕ್ಕೂ ಪಟಪಟನೆ ಉತ್ತರ. ತಡ ಯಾಕಾಯಿತು ಎಂದಾಗ, “ಕಿವಿ ಕೇಳ್ಸಲ್ಲ ಸ್ವಾಮಿ, ಅದುಕ್ಕೇ ತಪ್ಪು ತಿಳ್ಕಂಡೆ” ಎಂದರು.

ಸರ್ಕಾರಿ ವಕೀಲರು ಎದ್ದರು. “ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡ್ತಿದ್ದಾರಲ್ಲ ಸ್ವಾಮಿ! ಕಿವಿ ಹೋಗಿದೆ ಅನ್ನೋದಕ್ಕೆ ಡಾಕ್ಟರ ಸರ್ಟಿಫಿಕೇಟೂ ಇಲ್ಲ.”

ಎಲ್ಲಿಂದ ಬರಬೇಕು? ಏಟು ಬಿದ್ದ ದಿನ ಆಸ್ಪತ್ರೆಯಲ್ಲಿ ಡಾಕ್ಟರ ಪಕ್ಕದಲ್ಲಿ ನಿಂತಿದ್ದವರೇ ಪೊಲೀಸರು.

ಜಡ್ಜು ತಲೆ ತಗ್ಗಿಸಿ ಸ್ಟೆನೋಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ಹಾಳೆಗೆ ಸಹಿ ಹಾಕಿ ಫೈಲು ಸರಿಸಿದರು. ನನಗೆ ಅರ್ಥವಾಯಿತು. ಅಪ್ಪ ಕಾಯುತ್ತಾ ನಿಂತೇ ಇದ್ದರು.

“ಏನಂದ್ರವ್ವಾ?”

“ಆಗಲ್ವಂತೆ ಅಪ್ಪಾ.”

“ಆಯ್ತಂತಾ!” ಅಪ್ಪನ ಮುಖ ಅರಳಿತು. ಜಡ್ಜರ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದರು. “ನಿಮ್ಮೊಟ್ಟೆ ತಣ್ಣಗಿರ್ಲಿ ಸ್ವಾಮಿ!”

ನನಗೆ ತಡೆಯಲಾಗಲಿಲ್ಲ. ಬಲಗಿವಿಗೆ ಬಾಯಿಟ್ಟು ಚೀರಿದೆ. “ಇಲ್ಲಪ್ಪಾ! ಸೋತ್ವಿ! ನಮ್ ಕೇಸು ಹೋಯ್ತು!”

ಜಡ್ಜು ತಲೆಯೆತ್ತಿ ಅಪ್ಪನನ್ನೇ ನೋಡಿದರು. ಕಿವಿ ಕೇಳಿಸುವುದಿಲ್ಲವೆಂದು ಆಗ ಅವರಿಗೆ ಗೊತ್ತಾಯಿತು, ಆಣೆ ಮಾಡಿ ಹೇಳುತ್ತೇನೆ. ಅವರ ಕೈ ಫೈಲಿನ ಕಡೆ ಒಂದಿಷ್ಟು ಹೋಗಿ ಹಿಂದೆ ಬಂತು. ಸಹಿ ಆಗಿಹೋಗಿತ್ತು. ಕ್ಲರ್ಕು ಮುಂದಿನ ಕೇಸಿನವರ ಹೆಸರು ಕೂಗಿದ.