ಬಲೂನಿನ ಹೊಲಿಗೆ

ಶುಕ್ರವಾರದ ಕೊನೆಯ ಎರಡು ಪೀರಿಯಡ್ ಬಂತೆಂದರೆ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಜೀವ ಬರುತ್ತಿತ್ತು. ಪುಸ್ತಕ ಮುಚ್ಚಿದ ಹುಡುಗಿಯರು ಹಾಡು, ನಾಟಕ, ಚೆಸ್, ಹೊಲಿಗೆ ಅಂತ ತಮಗೆ ಬೇಕಾದ ಕಡೆ ಓಡುತ್ತಿದ್ದರು. ಹತ್ತೊಂಬತ್ತು ವರ್ಷ ಹೊಲಿಗೆ ಟೀಚರ ಕೋಣೆಯಲ್ಲಿ ಸ್ಟೂಲು ಸಾಲದೆ ಹುಡುಗಿಯರು ಕಿಟಕಿಕಟ್ಟೆ ಹತ್ತಿ ಕೂತದ್ದುಂಟು. ಈ ವರ್ಷ ಮಾತ್ರ ಒಂಬತ್ತು ಮೆಷಿನ್ನಿಗೆ ಆರೇ ಹುಡುಗಿಯರು, ಅವರಲ್ಲೂ ಒಬ್ಬಳು ಬರುತ್ತಿದ್ದದ್ದು ನಿದ್ದೆ ಮಾಡಲಿಕ್ಕೆ.

ಉಳಿದವರು ಎಲ್ಲಿ ಹೋದರು ಅಂತ ಹುಡುಕಬೇಕಿರಲಿಲ್ಲ. ಎದುರಿನ ಲ್ಯಾಬಿನಿಂದ ಅವರ ನಗು ಕೇಳುತ್ತಿತ್ತು. ವರ್ಷದ ಆರಂಭದಲ್ಲಿ ಬಂದ ವಿಜ್ಞಾನದ ಟೀಚರು, ಇನ್ನೂ ಮೂವತ್ತು ತುಂಬದವಳು, ರಾಕೆಟ್ಟು, ಬಲೂನು ಅಂತ ಏನೇನೋ ಶುರುಮಾಡಿ ಇಡೀ ಸ್ಕೂಲನ್ನು ಬುಟ್ಟಿಗೆ ಹಾಕಿಕೊಂಡಿದ್ದಳು. ಹುಡುಗಿಯರ ಬಾಯಲ್ಲಿ ಅವಳು ಬಲೂನ್ ಮಿಸ್.

ಅತ್ತ ಹೋದವರಲ್ಲಿ ಹೊಲಿಗೆ ಟೀಚರ ಮಗಳೂ ಒಬ್ಬಳು. ಆರು ವರ್ಷದ ಕೂಸಾಗಿದ್ದಾಗಲೇ ಅಮ್ಮನ ತೊಡೆಯ ಮೇಲೆ ಕೂತು ಬೊಂಬೆಗೆ ಲಂಗ ಹೊಲಿದವಳು, ಈಗ ಒಂಬತ್ತನೇ ಕ್ಲಾಸು. ಊಟಕ್ಕೆ ಕೂತರೆ ಸಾಕು, ನಮ್ಮ ಮಿಸ್ ಹೀಗಂದರು, ನಮ್ಮ ಮಿಸ್ ಹಾಗಂದರು. ನಮ್ಮ ಮಿಸ್ಸಂತೆ! ಹೊತ್ತು ಹೆತ್ತು, ಸೂಜಿ ಹಿಡಿಯಲು ಕಲಿಸಿದವಳು ಎದುರಿಗೇ ಕೂತು ಅನ್ನ ಬಡಿಸುತ್ತಿದ್ದರೆ ಅವಳಿಗೆ ನಮ್ಮ ಅನ್ನಿಸಿಕೊಳ್ಳುವ ಭಾಗ್ಯವಿಲ್ಲ. ಟೀಚರ ಹೊಟ್ಟೆ ಧಗಧಗ ಉರಿಯುತ್ತಿತ್ತು. ಇನ್ನೊಂದು ತುತ್ತು ಬೇಕಾ ಅಂತ ಮಾತ್ರ ಕೇಳುತ್ತಿದ್ದಳು.

ಉರಿಯುವುದಕ್ಕೆ ತುಪ್ಪ ಸುರಿದವರು ಹೆಡ್‌ಮಿಸ್. ಸ್ಕೂಲಿನ ಪ್ರದರ್ಶನ ಮುಗಿದ ದಿನವೇ ಹುಡುಗಿಯರು ಮತ್ತೆ ತಮ್ಮ ಆಯ್ಕೆ ಬರೆದುಕೊಡಬೇಕು, ಹತ್ತು ಹೆಸರು ಬಾರದ ತರಗತಿ ನಿಲ್ಲಿಸುತ್ತೇವೆ, ಹೊಲಿಗೆ ಕೋಣೆ ಬೇಕಾದರೆ ಲ್ಯಾಬಿನವರಿಗಾಗುತ್ತದೆ ಅಂದುಬಿಟ್ಟರು. ಬೇಸರ ಮಾಡ್ಕೋಬೇಡಿ ಅಂತ ಬೇರೆ ಸೇರಿಸಿದರು.

ಮಾರನೇ ದಿನವೇ ಬಲೂನ್ ಮಿಸ್ ಒಂದು ಹೊರೆ ನೀಲಿ ಬಟ್ಟೆ ಹೊತ್ತು ಬಂದಳು. ಪ್ರದರ್ಶನಕ್ಕೆ ಬಿಸಿಗಾಳಿಯ ದೊಡ್ಡ ಬಲೂನು ಹಾರಿಸಬೇಕಂತೆ. ಎಲೆಯಾಕಾರದ ಎಂಟು ತುಂಡು ಹುಡುಗಿಯರೇ ಕತ್ತರಿಸಿದ್ದಾರಂತೆ. ಜೋಡಿಸಿ ಹೊಲಿಯಲು ಮಾತ್ರ ತನಗೆ ಕೈ ಬಾರದು, ಒಂದು ಗುಂಡಿ ಹೊಲಿದರೂ ಬೆರಳು ಚುಚ್ಚಿಕೊಳ್ಳುತ್ತೇನೆ ಅಂತ ನಕ್ಕಳು. "ನೀವೇ ಹೊಲಿದುಕೊಡಬೇಕು ಅಕ್ಕಾ" ಅಂದಳು. ಅಕ್ಕನಂತೆ ಅಕ್ಕ! ಕೋಣೆ ಕಿತ್ತುಕೊಳ್ಳುವವಳಿಗೆ ಅಕ್ಕ ಬೇರೆ ಬೇಕು. ಟೀಚರು ಹಲ್ಲು ಕಚ್ಚಿ, ಇಟ್ಟು ಹೋಗಮ್ಮ ಅಂದಳು.

ಆ ಶನಿವಾರ ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಅವಳು ಮಾಡಿದ ಕೆಲಸ ಹತ್ತೊಂಬತ್ತು ವರ್ಷದಲ್ಲಿ ಎಂದೂ ಮಾಡಿದ್ದಲ್ಲ. ಮೆಷಿನ್ನಿನ ತಿರುಗಣೆಯನ್ನು ಅತಿ ಉದ್ದದ ಹೊಲಿಗೆಗೆ ತಿರುಗಿಸಿದಳು. ದಾರ ಸಡಿಲ ಮಾಡಿದಳು. ಸಾಲಿನ ಕೊನೆಯಲ್ಲಿ ಹಿಂದೆಮುಂದೆ ಓಡಿಸಿ ಬಿಗಿ ಮಾಡಲಿಲ್ಲ. ಅಳತೆ ನೋಡುವ ಮುನ್ನ ಹಾಕಿ ಆಮೇಲೆ ಎಳೆದು ಬಿಸಾಕುವ ಕಚ್ಚಾ ಹೊಲಿಗೆ ಅದು. ನೋಡಿದರೆ ಗೊತ್ತಾಗದು, ಗಾಳಿ ತುಂಬಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಎಲ್ಲರೆದುರು ಬಲೂನು ಪುಸ್ಸೆಂದು ಕುಸಿಯಲಿ, ಆಗ ನೋಡೋಣ ಯಾರು ಯಾರ ಮಿಸ್ಸು ಅಂತ. ಕೈ ಸ್ವಲ್ಪವೂ ನಡುಗಲಿಲ್ಲ. ಆಮೇಲೆ ಅದನ್ನು ನೆನೆಸಿಕೊಂಡರೇ ಅವಳಿಗೆ ಹೆಚ್ಚು ನಾಚಿಕೆಯಾಗುತ್ತಿತ್ತು.

ಸೋಮವಾರ ಬಟ್ಟೆ ಲ್ಯಾಬಿಗೆ ಹೋಯಿತು. ಆ ವಾರ ಮೂರು ದಿನ ಮಗಳ ಊಟದ ಡಬ್ಬಿ ಮುಟ್ಟದೆ ವಾಪಸು ಬಂತು. ಮಿಸ್ ಹಿಂದೆ ಅಲೆಯುವುದರಲ್ಲಿ ಊಟವೂ ಬೇಡವಾಯಿತಾ ಅಂತ ಟೀಚರು ಮೂಗು ಮುರಿದಳು. ಮಗಳು ಡಬ್ಬಿ ತೊಳೆಯಲು ಎದ್ದಳು.

ಪ್ರದರ್ಶನದ ದಿನ ಅಂಗಳದ ತುಂಬ ಅಪ್ಪ ಅಮ್ಮಂದಿರು. ಟೀಚರು ತನ್ನ ಕಸೂತಿ ಕರವಸ್ತ್ರಗಳ ಮೇಜಿನ ಹಿಂದೆ ನಿಂತಿದ್ದಳು, ಕಣ್ಣೆಲ್ಲ ಅಂಗಳದ ನಡುವೆ. ಬಿಸಿಗಾಳಿ ಊದುವ ಯಂತ್ರ ಗುರ್ರೆಂದಿತು. ನೀಲಿ ಬಟ್ಟೆ ಹೊರಳಿತು, ಉಬ್ಬಿತು, ಎದ್ದು ಕೂತಿತು. ಈಗ ಬಿಡುತ್ತದೆ, ಈಗ ಬಿಡುತ್ತದೆ ಅಂತ ಅವಳು ಉಸಿರು ಹಿಡಿದಳು. ಬಲೂನು ಹುಡುಗಿಯರ ಕೈಯಿಂದ ಜಾರಿ, ಹಗ್ಗದ ಉದ್ದಕ್ಕೂ ಏರಿ, ಮೂರನೇ ಮಹಡಿಯ ಕಿಟಕಿ ದಾಟಿ ನಿಂತಿತು. ಅಂಗಳವೆಲ್ಲ ಚಪ್ಪಾಳೆ.

ಕೆಳಗಿಳಿಸಿದಾಗ ಅದು ಇನ್ನೂ ಅರ್ಧ ಉಬ್ಬಿಕೊಂಡೇ ಇತ್ತು. ಟೀಚರು ಹತ್ತಿರ ಹೋದಳು. ಬಟ್ಟೆಯ ಆಚೆ ಬಿಸಿಲಿತ್ತು. ಎಂಟೂ ಸಾಲಿನಲ್ಲಿ ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ತೂರಿಬರುತ್ತಿತ್ತು. ದೂರ ದೂರ ಬಿದ್ದ ಆ ತೂತುಗಳು ಅವಳ ಸೂಜಿಯವೇ. ದಾರ ಮಾತ್ರ ಇರಲಿಲ್ಲ. ಪಕ್ಕದಲ್ಲೇ ಒತ್ತೊತ್ತಾಗಿ, ಇಮ್ಮಡಿ ಮಡಚಿ ಹಾಕಿದ ಬೇರೊಂದು ಹೊಲಿಗೆ ಓಡಿತ್ತು. ಆ ಮಡಿಕೆಯನ್ನು ಹಾಗೆ ಹಾಕಲು ಅವಳು ಕಲಿಸಿದ್ದು ಒಬ್ಬಳಿಗೇ.

ಅಷ್ಟರಲ್ಲಿ ಬಲೂನ್ ಮಿಸ್ ಮೈಕು ಹಿಡಿದು, ಇದು ಹಾರಿದ್ದು ನಮ್ಮಿಂದಲ್ಲ, ಹೊಲಿಗೆ ಅಕ್ಕನ ಕೈಯಿಂದ ಅಂದಳು. ಮತ್ತೆ ಚಪ್ಪಾಳೆ. ಎಂಟನೇ ಕ್ಲಾಸಿನ ಹುಡುಗಿಯರ ಒಂದು ಹಿಂಡು ಹೊಲಿಗೆ ಮೇಜಿನತ್ತ ಓಡಿತು, ಹೆಸರು ಬರೆಸಲು. ಹತ್ತೇನು, ಹದಿನೈದಾದರೂ ಆಗುವಂತಿತ್ತು. ಟೀಚರಿಗೆ ಆ ಕಡೆ ತಿರುಗಲು ಮುಖವಿರಲಿಲ್ಲ.

ಮಗಳು ಬಂದು ಬಟ್ಟೆ ಮಡಚತೊಡಗಿದಳು. ಅಮ್ಮ ಇನ್ನೊಂದು ತುದಿ ಹಿಡಿದಳು.

"ಯಾವಾಗ ಗೊತ್ತಾಯ್ತು?"

"ಸೋಮವಾರಾನೇ. ಹೊಲಿದ ಮೇಲೆ ಹೆಬ್ಬೆರಳಲ್ಲಿ ಜಗ್ಗಿ ನೋಡ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದಲ್ಲ. ಜಗ್ಗಿದೆ, ಬಿಟ್ಕೊಂಡ್ತು."

"ನಿಮ್ಮ ಮಿಸ್‌ಗೆ..."

"ಹೇಳಿಲ್ಲ. ಊಟದ ಬಿಡುವಲ್ಲಿ ನಿನ್ನ ಕೋಣೇಲೇ ಕೂತು ಹೊಲಿದೆ. ನೀನು ಸ್ಟಾಫ್ ರೂಮಲ್ಲಿ ಇರ್ತಿದ್ದೆ."

ಟೀಚರು ತನ್ನ ಕಡೆಯ ತುದಿ ಮಡಚಿದಳು. ಆಗಲೂ ಆ ಹಾಳು ಕಿಚ್ಚು ಆರಿರಲಿಲ್ಲ. ಕೇಳಬಾರದೆಂದುಕೊಂಡೇ ಕೇಳಿದಳು: "ಅವಳ ಮೇಲೆ ಅಷ್ಟು ಪ್ರೀತಿನಾ ನಿಂಗೆ?"

ಮಗಳು ಮಡಚುವುದು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಮಿಸ್‌ಗೋಸ್ಕರ ಅಲ್ಲಮ್ಮ. ಅದು ಎಲ್ಲರ ಮುಂದೆ ಹರಿದುಹೋಗಿದ್ರೆ, ಹೊಲಿದಿದ್ದು ನೀನು ಅಂತ ಎಲ್ರಿಗೂ ಗೊತ್ತಿತ್ತಲ್ಲ."

ಟೀಚರಿಗೆ ಇದು ಹೊಳೆದೇ ಇರಲಿಲ್ಲ. ತಲೆ ತಗ್ಗಿಸಿ, ಕೈಯಲ್ಲಿದ್ದ ಸಾಲನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿದಳು, ಇನ್ನೂ ಜೋರಾಗಿ ಜಗ್ಗಿದಳು. ಹೊಲಿಗೆ ಒಂದಿಷ್ಟೂ ಬಿಡಲಿಲ್ಲ.